ಖಾನಾವಳಿ ಮಾಮನನ್ನು ಕೇಳಿ: ಆಫೀಸಿನವರ ಜೊತೆ ಇಟಲಿ ಊಟ

ಹಿಂದಿನ ಸಂಚಿಕೆಯಲ್ಲಿ ಗೋಕರ್ಣದ ಬೀಚ್ ಕೆಫೆಗಳ ಪಾಸ್ತಾ ಬಗ್ಗೆ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಕಾಗದಗಳನ್ನು ಓದಿದರೆ, ನಮ್ಮ ಜಿಲ್ಲೆಯ ಅರ್ಧ ಆಫೀಸುಗಳು ಎರಡನೇ ಶನಿವಾರ ಅಲ್ಲೇ ಊಟಕ್ಕೆ ಹೋಗುತ್ತವೇನೋ ಅನ್ನಿಸಿತು. ಹಾಗಾಗಿ ಈ ಸಲ ಬಂಗಡೆ, ಪತ್ರೊಡೆ ಎಲ್ಲ ಬದಿಗಿರಲಿ. ಹೊಸ ಓದುಗರಿಗೆ ಒಂದು ಮಾತು: ನಾನು ಅಂಕೋಲೆಯವನು. ಹರೆಯವೆಲ್ಲ ಕಳೆದದ್ದು ಮೆಡಿಟರೇನಿಯನ್ ಸುತ್ತುವ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ, ಇಟಲಿಯ ಮುಖ್ಯ ಬಾಣಸಿಗರ ಬೈಗುಳ ತಿನ್ನುತ್ತ. ಈಗ ಊರಲ್ಲೇ ಖಾನಾವಳಿ. ಅಲ್ಲಿ ಪಾಸ್ತಾ ಸಿಗುವುದಿಲ್ಲ, ಕೇಳಿಕೊಂಡು ಬರಬೇಡಿ.

ಮಾಮ, ನಾನು ಶಿರಸಿ ಕಡೆಯ ಹವ್ಯಕರ ಮನೆಯವಳು. ಕಾರವಾರದಲ್ಲಿ ನೌಕರಿ. ಮೊಟ್ಟೆಯೂ ತಿನ್ನುವುದಿಲ್ಲ. ಆಫೀಸಿನವರು ಗೋಕರ್ಣದ ಇಟಾಲಿಯನ್ ಹೋಟೆಲಿಗೆ ಊಟಕ್ಕೆ ಹೋಗುವಾಗ ನನ್ನನ್ನೂ ಕರೆಯುತ್ತಾರೆ. ಕಳೆದ ಸಲ ಏನು ತಿನ್ನಬಹುದು ಎಂದು ತಿಳಿಯದೆ ಫ್ರೆಂಚ್ ಫ್ರೈಸ್ ತಿಂದು, ಲಿಂಬು ಸೋಡಾ ಕುಡಿದು ಬಂದೆ. ‘ಎಲ್ಲ ವೆಜ್ಜೇ ಮಾರಾಯ್ತಿ, ಚೀಸ್ ಅಂದ್ರೆ ಹಾಲಲ್ಲದೆ ಮತ್ತೆಂತ’ ಎನ್ನುತ್ತಾರೆ. ಹೌದಾ? ಪ್ರತಿಸಲ ವೇಟರನ್ನು ನಿಲ್ಲಿಸಿ ವಿಚಾರಣೆ ಮಾಡಲು ಸಂಕೋಚ.
— ಸರ್ಕಾರಿ ನೌಕರೆ, ಕಾರವಾರ

ತಂಗಿ, ನಿನ್ನ ಗೆಳತಿಯರು ಹೇಳಿದ್ದು ಅರ್ಧ ಸರಿ. ಚೀಸ್ ಹಾಲಿನದ್ದೇ. ಆದರೆ ಹಾಲನ್ನು ಹೆಪ್ಪುಗಟ್ಟಿಸಲು ಹಾಕುವುದು ಏನು ಎಂಬುದರಲ್ಲಿದೆ ವಿಷಯ. ಪಾರ್ಮಿಜಾನೊ ರೆಜಾನೊ, ಅಂದರೆ ನಾವು ಪಾರ್ಮೆಸಾನ್ ಎನ್ನುವ ಚೀಸಿನ ಅಸಲು ರೂಪಕ್ಕೆ, ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ಕಿಣ್ವವನ್ನೇ ಹಾಕಬೇಕೆಂಬ ನಿಯಮವಿದೆ. ಪಾರ್ಮ, ರೆಜೊ ಎಮಿಲಿಯ, ಮೊದೆನಾ ಕಡೆ ಅದನ್ನು ಮಾಡುತ್ತಾರೆ. ಹಾಲು, ಉಪ್ಪು, ರೆನೆಟ್ ಬಿಟ್ಟರೆ ಬೇರೇನೂ ಸೇರಿಸುವಂತಿಲ್ಲ, ಕಡಿಮೆಯೆಂದರೆ 12 ತಿಂಗಳು ಮಾಗಿಸಬೇಕು. ಗ್ರಾನಾ ಪದಾನೊ ಕೂಡ ಅದೇ ಜಾತಿ. ಪೆಕೊರಿನೊ ರೊಮಾನೊ ಕುರಿಹಾಲಿನದ್ದು, ರೆನೆಟ್ ಕುರಿಮರಿಯದ್ದು.

ಇಷ್ಟಕ್ಕೇ ಹೆದರಬೇಡ. ಅಸಲು ಪಾರ್ಮಿಜಾನೊ ಬಹಳ ತುಟ್ಟಿ. ನಾನು ಇಣುಕಿ ನೋಡಿದ ಬೀಚ್ ಕೆಫೆಗಳಲ್ಲಿ ಪಿಜ್ಜಾ ಮೇಲೆ ಬೀಳುವುದು ನಮ್ಮ ದೇಶದಲ್ಲೇ ತಯಾರಾದ ಮೊಜರೆಲ್ಲ, ಸಂಸ್ಕರಿಸಿದ ಚೀಸ್. ಅವುಗಳಲ್ಲಿ ಸೂಕ್ಷ್ಮಾಣುಗಳಿಂದ ತಯಾರಿಸಿದ ರೆನೆಟ್ ಬಳಸುವುದು ರೂಢಿ, ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇರುತ್ತದೆ. ಪೊಟ್ಟಣ ತೋರಿಸಿ ಎಂದು ಕೇಳಿದರೆ ತಪ್ಪೇನಿಲ್ಲ. ನಾನು ಕೇಳಿದ ಕಡೆಯೆಲ್ಲ ತೋರಿಸಿದ್ದಾರೆ. ಅಸಲಿ ಇಟಲಿ ಸಾಮಾನು ತರಿಸುತ್ತೇವೆ ಎಂದು ಮೆನುವಿನಲ್ಲಿ ಜಂಬದಿಂದ ಬರೆದುಕೊಂಡ ಜಾಗದಲ್ಲೇ ನೀನು ಹೆಚ್ಚು ಹುಷಾರಾಗಿರಬೇಕು.

ಚೀಸಿಗಿಂತ ದೊಡ್ಡ ಗುಂಡಿಗಳು ಬೇರೆ ಇವೆ, ಅವನ್ನು ಯಾರೂ ಹೇಳುವುದಿಲ್ಲ. ಪನ್ನಾ ಕೊತ್ತಾ ಎಂಬ ಬೆಳ್ಳಗಿನ ಸಿಹಿ ನೋಡಲು ಪರಮ ಸಾತ್ವಿಕ, ಹಾಲುಬಾಯಿಯ ಹಾಗೆ ಅಲುಗಾಡುತ್ತದೆ. ಅದನ್ನು ಗಟ್ಟಿ ನಿಲ್ಲಿಸುವುದು ಜೆಲಾಟಿನ್, ಪ್ರಾಣಿಗಳ ಚರ್ಮ, ಮೂಳೆಯಿಂದ ಬರುವಂಥದ್ದು. ಕೆಲವರು ಅಗರ್ ಅಗರ್ ಹಾಕುತ್ತಾರೆ, ಅದು ಕಡಲಪಾಚಿ, ನಿನಗೆ ನಡೆಯುತ್ತದೆ. ತಿರಮಿಸುವಿನಲ್ಲಿ ಹಸಿ ಮೊಟ್ಟೆ, ಒಳಗಿನ ಬಿಸ್ಕತ್ತಿನಲ್ಲೂ ಮೊಟ್ಟೆ, ಎಷ್ಟೋ ಕಡೆ ಮೇಲಿಂದ ಮದ್ಯ. ಮಿನೆಸ್ತ್ರೋನೆ ತರಕಾರಿ ಸೂಪೇ, ಆದರೆ ತಳದಲ್ಲಿರುವ ನೀರು ಕೋಳಿಮೂಳೆ ಬೇಯಿಸಿದ್ದಿರಬಹುದು. ಪುತ್ತಾನೆಸ್ಕಾ ಎಂಬ ಕೆಂಪು ಸಾಸಿನಲ್ಲಿ ಆಂಚೊವಿ ಮೀನು ಕರಗಿ ಹೋಗಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಪಾಸ್ತಾದಲ್ಲೂ ಎರಡು ಕುಲ: ಒಣಗಿಸಿದ ಸ್ಪಗೆಟ್ಟಿ, ಪೆನ್ನೆ ಬರೀ ರವೆ ಮತ್ತು ನೀರು. ‘ಫ್ರೆಶ್ ಪಾಸ್ತಾ’ ಎಂದು ಬರೆದಿದ್ದರೆ, ಅದರಲ್ಲೂ ತಾಲ್ಯತೆಲ್ಲೆ, ಲಸಾನ್ಯಾ ಆದರೆ, ಹಿಟ್ಟು ಕಲಸುವುದೇ ಮೊಟ್ಟೆಯಲ್ಲಿ.

ಹಾಗಾದರೆ ತಿನ್ನುವುದೇನು? ಅರಾಬ್ಯಾತಾ ಪಾಸ್ತಾ ಕೇಳು: ಟೊಮ್ಯಾಟೊ, ಬೆಳ್ಳುಳ್ಳಿ, ಒಣಮೆಣಸು, ಆಲಿವ್ ಎಣ್ಣೆ. ಆಲ್ಯೊ ಎ ಒಲ್ಯೊ ಕೇಳು: ಬೆಳ್ಳುಳ್ಳಿ, ಎಣ್ಣೆ, ಮೆಣಸು, ಮುಗಿಯಿತು. ಎರಡಕ್ಕೂ ಚೀಸ್ ಇಲ್ಲದಿದ್ದರೂ ಏನೂ ಕೊರತೆಯಾಗದು. ಬ್ರುಸ್ಕೆತ್ತಾ ಇದೆ, ಸುಟ್ಟ ಬ್ರೆಡ್ಡಿನ ಮೇಲೆ ಟೊಮ್ಯಾಟೊ. ಪಿಜ್ಜಾದಲ್ಲಿ ಮರಿನಾರಾ ಎಂಬುದಿದೆ. ನೇಪಲ್ಸ್‌ನವರ ಹಳೆಯ ಪಿಜ್ಜಾ ಅದು, ಚೀಸೇ ಇಲ್ಲ, ಮೀನೂ ಇಲ್ಲ. ಪೆಸ್ತೊ ನಮ್ಮ ಕರಾವಳಿಯಲ್ಲಿ ಬಲು ಚಂದ ಆಗುತ್ತದೆ. ಜಿನೋವಾದವರು ಪೈನ್ ಮರದ ಬೀಜ ಹಾಕುತ್ತಾರೆ, ಇಲ್ಲಿ ಗೇರುಬೀಜ ಹಾಕುತ್ತಾರೆ, ಸೊಪ್ಪು ನಮ್ಮ ಕಾಮಕಸ್ತೂರಿಯ ಜಾತಿಯೇ. ನಾನು ಎರಡನ್ನೂ ತಿಂದವನು, ಗೇರುಬೀಜದ್ದಕ್ಕೇ ನನ್ನ ವೋಟು. ಆದರೆ ಪೆಸ್ತೊದಲ್ಲಿ ಚೀಸ್ ಮೊದಲೇ ಅರೆದು ಸೇರಿಸಿರುತ್ತಾರೆ, ಯಾವ ಚೀಸ್ ಎಂದು ಕೇಳಿಯೇ ತಿನ್ನು.

ಇನ್ನು ಸಂಕೋಚದ ಮಾತು. ಎಂಟು ಜನ ಮೇಜಿನ ಸುತ್ತ ಹಸಿದು ಕೂತಾಗ ಕೇಳಲು ಹೋದರೆ ಅದು ನಾಟಕ ಆಗಿಬಿಡುತ್ತದೆ, ನೀನು ಹೇಳಿದ್ದು ನಿಜ. ಅದಕ್ಕೇ ಹಿಂದಿನ ದಿನವೇ ಫೋನ್ ಮಾಡು, ಇಲ್ಲವೇ ಎಲ್ಲರೂ ಫೋಟೊ ತೆಗೆಯಲು ದಂಡೆಗೆ ಇಳಿದಾಗ ನೀನು ಅಡುಗೆಮನೆ ಬಾಗಿಲಿಗೆ ಹೋಗು. ಕುಡ್ಲೆ, ಓಂ ಬೀಚ್ ಕಡೆ ನಾನು ಕಂಡ ಹಾಗೆ ಒಲೆ ಮುಂದೆ ನಿಂತಿರುವುದು ಹೆಚ್ಚಾಗಿ ನೇಪಾಳದ ಹುಡುಗರು, ಬಲು ಮರ್ಯಾದಸ್ಥರು. ‘ಭಯ್ಯಾ, ಇಸ್ಮೆ ಅಂಡಾ ಹೈ ಕ್ಯಾ, ಜೆಲಾಟಿನ್ ಹೈ ಕ್ಯಾ’ ಎಂದರೆ ಸಾಕು, ಡಬ್ಬಿ ತೆಗೆದೇ ತೋರಿಸುತ್ತಾರೆ. ವೇಟರಿಗೆ ಗೊತ್ತಿರುವುದಿಲ್ಲ, ಗೊತ್ತಿಲ್ಲ ಎಂದು ಹೇಳುವುದೂ ಇಲ್ಲ. ಬೇಯಿಸುವವನನ್ನೇ ಕೇಳಬೇಕು. ‘ಅಷ್ಟೆಲ್ಲ ನೋಡಿದ್ರೆ ಬದುಕೂಕೆ ಆತದಾ’ ಎನ್ನುವ ಸಹೋದ್ಯೋಗಿ ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಉತ್ತರ ಕೊಡುವ ಗೋಜಿಗೆ ಹೋಗದೆ ನಿನ್ನ ಅರಾಬ್ಯಾತಾ ತಿನ್ನು. ಅವರು ಅರ್ಧ ಊಟದ ಹೊತ್ತಿಗೆ ನಿನ್ನ ತಟ್ಟೆಗೇ ಕೈ ಹಾಕುತ್ತಾರೆ.

ಶಾಲೆಯ ಶಿಕ್ಷಕರೆಲ್ಲ ಸೇರಿ ಹೋಗಿದ್ದೆವು. ಫೋರ್ಕಿನಲ್ಲಿ ಸ್ಪಗೆಟ್ಟಿ ಸುತ್ತಲು ಹೋಗಿ ಅಂಗಿ ತುಂಬ ಕೆಂಪಾಯಿತು. ಕೈಯಲ್ಲಿ ತಿಂದರೆ ಅಸಭ್ಯವೇ?
— ಪ್ರೌಢಶಾಲೆ ಮಾಸ್ತರು, ಅಂಕೋಲಾ

ಮಾಸ್ತರೇ, ನೇಪಲ್ಸ್ ಬೀದಿಯಲ್ಲಿ ಹತ್ತೊಂಬತ್ತನೇ ಶತಮಾನದಲ್ಲೂ ಜನ ಮ್ಯಾಕರೋನಿಯನ್ನು ಕೈಯಲ್ಲಿ ಎತ್ತಿ, ತಲೆ ಹಿಂದೆ ಬಾಗಿಸಿ ಬಾಯಿಗೆ ಇಳಿಸುತ್ತಿದ್ದರು. ಆ ಚಿತ್ರಗಳನ್ನು ಪ್ರವಾಸಿಗರು ದುಡ್ಡು ಕೊಟ್ಟು ಕೊಳ್ಳುತ್ತಿದ್ದರು. ನಾಲ್ಕು ತುದಿಯ ಫೋರ್ಕು ಬೀದಿಯವರ ಕೈಗೆ ಬಂದದ್ದು ಆಮೇಲೆ. ಹಾಗಾಗಿ ಅಸಭ್ಯ ಎಂದು ನಿಮಗೆ ಹೇಳುವ ಹಕ್ಕು ಇಟಲಿಯವರಿಗಂತೂ ಇಲ್ಲ.

ಆದರೂ ಫೋರ್ಕಿನಲ್ಲೇ ತಿನ್ನಬೇಕೆಂದಿದ್ದರೆ, ಗುಟ್ಟು ಇಷ್ಟೇ: ನಡುವಿನಿಂದ ಎತ್ತಬೇಡಿ. ಮೂರು ನಾಲ್ಕು ಎಳೆ ಮಾತ್ರ ತಟ್ಟೆಯ ಅಂಚಿಗೆ ಎಳೆದುಕೊಂಡು, ತುದಿಯನ್ನು ತಟ್ಟೆಗೆ ಒತ್ತಿ ತಿರುಗಿಸಿ. ಇನ್ನೊಂದು ಕೈಯಲ್ಲಿ ಚಮಚ ಹಿಡಿಯುವುದು ಬೇಕಿಲ್ಲ. ಚಾಕುವಿನಿಂದ ಕತ್ತರಿಸಬೇಡಿ, ಇಟಲಿಯವರು ಕಂಡರೆ ಮುಖ ತಿರುಗಿಸುತ್ತಾರೆ, ನಾನು ಆ ಮುಖಗಳನ್ನು ನೋಡಿದ್ದೇನೆ. ಇದಾವುದೂ ಬೇಡವೆಂದರೆ ಪೆನ್ನೆ ತರಿಸಿಕೊಳ್ಳಿ, ಗಿಡ್ಡ ಕೊಳವೆ, ಚಮಚಕ್ಕೂ ಸಿಗುತ್ತದೆ. ಪಿಜ್ಜಾದಲ್ಲೂ ಎರಡು ದಾರಿ ಇವೆ. ನೇಪಲ್ಸ್‌ನ ಪಿಜ್ಜೇರಿಯಾದಲ್ಲಿ ಕೂತವರು ಚಾಕು, ಫೋರ್ಕು ಹಿಡಿಯುತ್ತಾರೆ, ಏಕೆಂದರೆ ನಡುಭಾಗ ಮೆತ್ತಗೆ ಒದ್ದೆಯಾಗಿರುತ್ತದೆ. ಬೀದಿಯಲ್ಲಿ ಕೊಂಡವರು ನಾಲ್ಕು ಮಡಿಕೆ ಮಾಡಿ ಕೈಯಲ್ಲೇ ತಿನ್ನುತ್ತ ನಡೆಯುತ್ತಾರೆ. ಅಂಗಿಯ ಕಲೆಗೆ ಬಿಸಿನೀರು ಹಾಕಬೇಡಿ, ತಣ್ಣೀರು, ಆಮೇಲೆ ಲಿಂಬು, ಬಿಸಿಲು.

ಕುಮಟೆಯಲ್ಲಿ ಕೂತು ಬೆಂಗಳೂರು ಕಂಪನಿಗೆ ಕೆಲಸ ಮಾಡುತ್ತೇನೆ. ಟೀಮಿನವರು ಬಂದಾಗ ಗೋಕರ್ಣಕ್ಕೆ ಊಟಕ್ಕೆ ಕರೆದೊಯ್ದೆ. ಪಾಸ್ತಾ ಅರೆಬೆಂದಿತ್ತು. ವಾಪಸ್ ಕಳಿಸಿದೆ. ‘ಇದು ಹೀಗೇ ಇರಬೇಕು ಸಾರ್’ ಎಂದು ವಾದಕ್ಕೆ ನಿಂತರು. ಯಾರು ಸರಿ?
— ಕುಮಟಾ

ಕಚ್ಚಿದಾಗ ನಡುವೆ ಒಂದು ಸಣ್ಣ ಬಿಗಿ ಹಲ್ಲಿಗೆ ಸಿಕ್ಕಿತೋ, ಅಥವಾ ಹಿಟ್ಟಿನ ಬಿಳಿ ಚುಕ್ಕೆ ಕಂಡು ಬಾಯಲ್ಲಿ ಹಸಿ ವಾಸನೆ ಬಂತೋ? ಮೊದಲನೆಯದಾದರೆ ಅವರು ಸರಿ, ಎರಡನೆಯದಾದರೆ ನೀವು ಸರಿ.

ಒಣ ಪಾಸ್ತಾ ಮಾಡುವುದು ಡ್ಯೂರಮ್ ಗೋಧಿಯ ರವೆಯಿಂದ. ನಮ್ಮ ಅಂಗಡಿಗಳ ಬನ್ಸಿ ರವೆ ಇದೆಯಲ್ಲ, ಅದೇ ಗೋಧಿ. ಇಟಲಿಯಲ್ಲಿ 1967ರ ಕಾಯ್ದೆಯ ಪ್ರಕಾರ ಒಣ ಪಾಸ್ತಾವನ್ನು ಬೇರೆ ಗೋಧಿಯಿಂದ ಮಾಡಿ ಮಾರುವಂತಿಲ್ಲ. ಈ ಗೋಧಿ ಗಟ್ಟಿ ಜೀವ, ಬೆಂದರೂ ಆಕಾರ ಬಿಡುವುದಿಲ್ಲ, ಅದಕ್ಕೇ ಬಿಗಿ ಉಳಿಸಿ ಇಳಿಸುತ್ತಾರೆ. ಇಳಿಸಿದ ಮೇಲೂ ಸಾಸಿನ ಬಾಣಲೆಯಲ್ಲಿ ಒಂದೆರಡು ನಿಮಿಷ ಹೊರಳಾಡಿಸುತ್ತಾರೆ, ಬೆಂದ ನೀರನ್ನೇ ಒಂದು ಸೌಟು ಹಾಕಿ. ಆ ನೀರಿನ ಗಂಜಿಯಿಂದಲೇ ಸಾಸು ಪಾಸ್ತಾಕ್ಕೆ ಹಿಡಿದುಕೊಳ್ಳುವುದು. ಹಡಗಿನಲ್ಲಿ ನಮಗೆ ಕಲಿಸಿದ ಲೆಕ್ಕ: 100 ಗ್ರಾಂ ಪಾಸ್ತಾಕ್ಕೆ 1 ಲೀಟರ್ ನೀರು, 10 ಗ್ರಾಂ ಉಪ್ಪು. ನಮ್ಮಲ್ಲಿ ಎಷ್ಟೋ ಕೆಫೆಗಳು ಬೆಳಿಗ್ಗೆಯೇ ಬೇಯಿಸಿ, ತಣ್ಣೀರಲ್ಲಿ ತೊಳೆದು, ಎಣ್ಣೆ ಹಚ್ಚಿ ಡಬ್ಬಿಯಲ್ಲಿಡುತ್ತವೆ. ಗಿರಾಕಿ ಬಂದಾಗ ಬಿಸಿ ಮಾಡಿ ಕೊಡುವುದಷ್ಟೇ. ಹೊರಗೆ ಮೆತ್ತಗೆ, ಒಳಗೆ ತಣ್ಣಗೆ ಗಟ್ಟಿ ಇರುವ ಪಾಸ್ತಾ ಹುಟ್ಟುವುದು ಹೀಗೆ. ನಿಮಗೆ ಸಿಕ್ಕಿದ್ದು ಅದೇ ಇರಬೇಕೆಂದು ನನ್ನ ಗುಮಾನಿ.

ಇನ್ನು ಮುಂದೆ ಆರ್ಡರ್ ಕೊಡುವಾಗಲೇ ‘ಸ್ವಲ್ಪ ಜಾಸ್ತಿ ಬೇಯಿಸಿ’ ಎನ್ನಿ. ನಿಮ್ಮ ಹೊಟ್ಟೆ, ನಿಮ್ಮ ದುಡ್ಡು. ಇಟಲಿಯ ಹೆಸರಿನಲ್ಲಿ ನಿಮ್ಮನ್ನು ಹೆದರಿಸುವ ವೇಟರು ತಾನು ಕೊಡುವ ಕಾರ್ಬೊನಾರಾದಲ್ಲಿ ಕ್ರೀಮ್ ಯಾಕಿದೆ ಎಂದು ಹೇಳಲಿ ನೋಡೋಣ. ರೋಮಿನ ಕಾರ್ಬೊನಾರಾದಲ್ಲಿ ಮೊಟ್ಟೆ, ಪೆಕೊರಿನೊ, ಹಂದಿಯ ಕೆನ್ನೆಮಾಂಸ, ಕಾಳುಮೆಣಸು ಇಷ್ಟೇ, ಕ್ರೀಮಿನ ಹನಿಯೂ ಇಲ್ಲ. ಗಾರ್ಲಿಕ್ ಬ್ರೆಡ್ ಅಂತೂ ಅಮೆರಿಕೆಯ ಕೂಸು.

ಸಹಕಾರಿ ಸಂಘದ ನಾವು ಐದು ಹೆಂಗಸರು ಊಟಕ್ಕೆ ಹೋಗಿದ್ದೆವು. ಸೀಫುಡ್ ಪಾಸ್ತಾ ಮೇಲೆ ಚೀಸ್ ಹಾಕಿ ಎಂದಿದ್ದಕ್ಕೆ ಪಕ್ಕದ ಮೇಜಿನ ವಿದೇಶಿಯರು ನಕ್ಕರು. ನಗುವಂಥದ್ದೇನಿದೆ? ಮೀನೂರಿನವರು ನಾವು, ನಮಗೆ ಯಾರು ಹೇಳಿಕೊಡಬೇಕು?
— ಹೊನ್ನಾವರ

ಅಕ್ಕಾ, ನಕ್ಕವರಿಗೆ ಮರ್ಯಾದೆ ಇಲ್ಲ, ಮಾತಿನಲ್ಲಿ ಮಾತ್ರ ಸ್ವಲ್ಪ ಹುರುಳಿದೆ. ಕಡಲಿನ ಸಿಹಿ ನವಿರಾದದ್ದು, ಚೀಸ್ ಉಪ್ಪು ಜಾಸ್ತಿಯಾಗಿ ಅದನ್ನು ಮುಚ್ಚಿಬಿಡುತ್ತದೆ ಎಂಬುದು ಇಟಲಿಯವರ ವಾದ. ತಾಜಾ ಶೆಟ್ಲಿಗೆ ಸುಕ್ಕದ ಮಸಾಲೆ ಸುರಿದರೆ ನೀವು ಸೊಸೆಗೆ ಬೈಯುವುದಿಲ್ಲವೇ? ಆದರೆ ಮೀನು ತಾಜಾ ಇಲ್ಲದಿದ್ದರೆ ಧಾರಾಳ ಚೀಸ್ ಹಾಕಿಸಿಕೊಳ್ಳಿ. ನಾನೂ ಹಾಗೇ ಮಾಡುತ್ತೇನೆ.

ತಾಜಾ ಎಂದಾಗ ನೆನಪಾಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಎಂಬುದು ನಿಮಗೆ ನಾನು ಹೇಳಬೇಕಿಲ್ಲ, ಬೆಂಗಳೂರಿನಿಂದ ಬಂದು ಮಳೆಗಾಲದಲ್ಲಿ ಸೀಫುಡ್ ಕೇಳುವವರಿಗೆ ಹೇಳಬೇಕು. ಆ ದಿನಗಳಲ್ಲಿ ತಟ್ಟೆಗೆ ಬರುವ ಮಾಣಕಿ ಉಂಗುರಗಳು ಬಹುತೇಕ ಫ್ರೀಜರಿನವು. ದಂಡೆಯ ಎಷ್ಟೋ ಕೆಫೆಗಳು ಆಗ ಬಾಗಿಲೇ ತೆಗೆಯುವುದಿಲ್ಲ.

ನಿಮ್ಮಂಥವರು ಕೇಳಬೇಕಾದ ಪಾಸ್ತಾ ಯಾವುದು ಗೊತ್ತೇ? ಸ್ಪಗೆಟ್ಟಿ ವೊಂಗೊಲೆ. ನಮ್ಮ ಅಘನಾಶಿನಿ ಅಳಿವೆಯಲ್ಲಿ ಹೆಂಗಸರು ಇಳಿತದ ಹೊತ್ತಿಗೆ ಇಳಿದು ಬಳಚು ಆರಿಸುತ್ತಾರಲ್ಲ, ಅಂಥದೇ ಚಿಪ್ಪಿ. ಎಣ್ಣೆ, ಬೆಳ್ಳುಳ್ಳಿ ಕಾಯಿಸಿ, ಚಿಪ್ಪಿ ಹಾಕಿ ಮುಚ್ಚಳ ಮುಚ್ಚಿದರೆ ತಾನೇ ಬಾಯಿ ಬಿಟ್ಟು ರಸ ಬಿಡುತ್ತದೆ. ಆ ರಸವೇ ಸಾಸು. ಬೇರೆ ಮಸಾಲೆ ಏನಿಲ್ಲ, ಸ್ವಲ್ಪ ವೈನು, ಒಂದು ಹಿಡಿ ಪಾರ್ಸ್ಲಿ. ಮರಳು ಹೋಗಲು ಮೊದಲು ಉಪ್ಪುನೀರಿನಲ್ಲಿ ಇಡುವುದು, ಬಾಯಿ ಬಿಡದ ಚಿಪ್ಪಿ ಎಸೆಯುವುದು ಅಲ್ಲೂ ಉಂಟು, ಇಲ್ಲೂ ಉಂಟು. ತದಡಿಯಿಂದ ಕೂಗಳತೆಯ ದೂರದಲ್ಲಿರುವ ಕೆಫೆಗಳ ಮೆನುವಿನಲ್ಲಿ ಇದು ಯಾಕಿಲ್ಲ, ಬ್ರೊಕೊಲಿ ಯಾಕಿದೆ ಎಂಬುದು ನನಗೆ ಇನ್ನೂ ಬಗೆಹರಿಯದ ಸಂಗತಿ.

ಹೊನ್ನಾವರದವರು ಎಂದಿದ್ದಕ್ಕೆ ಒಂದು ಸೇರಿಸುತ್ತೇನೆ. ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ನಿಮ್ಮೂರಿಗೆ ಬಂದಿದ್ದ. ಶರಾವತಿಯಲ್ಲಿ ದೋಣಿ ಹತ್ತಿ ಗೇರುಸೊಪ್ಪೆಗೆ ಹೋಗಿ, ಘಟ್ಟ ಏರಿ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನ ಮುಟ್ಟಿದ. ಅವನಿಗೆ ಟೊಮ್ಯಾಟೊ ಸಾಸಿನ ಸ್ಪಗೆಟ್ಟಿ ತೋರಿಸಿದ್ದರೆ ಇದೆಂತ ಎಂದು ಕೇಳುತ್ತಿದ್ದನೇನೋ! ಇಟಲಿಯಲ್ಲಿ ಟೊಮ್ಯಾಟೊ ಸಾಸಿನ ಪಾಕ ಮೊದಲು ಅಚ್ಚಾದದ್ದೇ 1690ರ ದಶಕದಲ್ಲಿ. ಟೊಮ್ಯಾಟೊ ಅವರಿಗೂ ಅಮೆರಿಕದಿಂದ ಬಂದದ್ದು, ಮೆಣಸಿನಕಾಯಿ, ಗೇರು ನಮಗೆ ಬಂದ ಹಾಗೆ. ಮುಂದಿನ ಸಲ ಯಾರಾದರೂ ನಕ್ಕರೆ ಇದನ್ನು ಹೇಳಿ.

ಎಂಟು ಜನ ಹೋಗಿದ್ದೆವು. ನಾನು ತಿಂದದ್ದು ಒಂದು ಮಾರ್ಗರಿಟಾ ಪಿಜ್ಜಾ. ಇಬ್ಬರು ಬಿಯರ್, ಶೆಟ್ಲಿ ಎಲ್ಲ ತಗೊಂಡರು. ಬಿಲ್ಲು ಎಂಟು ಪಾಲು! ಮೇಲಿಂದ ಸರ್ವಿಸ್ ಚಾರ್ಜ್. ಬಾಯಿ ಬಿಟ್ಟರೆ ಜಿಪುಣ ಎನ್ನುತ್ತಾರೆ.
— ಭಟ್ಕಳ

ಸರ್ವಿಸ್ ಚಾರ್ಜ್ ವಿಷಯ ಸುಲಭ. ಗ್ರಾಹಕರ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಹೋಟೆಲಿನವರು ಅದನ್ನು ತಾವಾಗಿ ಬಿಲ್ಲಿಗೆ ಸೇರಿಸುವಂತಿಲ್ಲ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ತೆಗೆಯಿರಿ ಎನ್ನಿ, ತೆಗೆಯದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಸಾಮಾನ್ಯ ಹೋಟೆಲಿನ ಊಟಕ್ಕೆ ಜಿಎಸ್‌ಟಿ ಶೇ. 5, ಅದನ್ನು ಕೊಡಲೇಬೇಕು. ಮದ್ಯ ಜಿಎಸ್‌ಟಿಯ ಹೊರಗೆ, ಅದರ ತೆರಿಗೆ ಬೇರೆ. ಹಾಗಾಗಿ ಮದ್ಯಕ್ಕೆ ಪ್ರತ್ಯೇಕ ಬಿಲ್ಲು ಕೊಡಿ ಎಂದು ಕೂತ ತಕ್ಷಣ ಹೇಳಿದರೆ ಹೋಟೆಲಿನವರಿಗೇನೂ ಕಷ್ಟವಿಲ್ಲ, ನಿಮ್ಮ ಅರ್ಧ ಜಗಳ ಅಲ್ಲೇ ತೀರುತ್ತದೆ.

ಉಳಿದ ಅರ್ಧಕ್ಕೆ ಹೋಗುವ ಮೊದಲೇ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ‘ಅವರವರ ತಟ್ಟೆ ಅವರವರದ್ದು’ ಎಂದು ಒಂದು ಸಾಲು ಹಾಕಿ. ಬಿಲ್ಲು ಬಂದ ಮೇಲೆ ಹೇಳಿದರೆ ಜಿಪುಣ, ಮೊದಲೇ ಹೇಳಿದರೆ ವ್ಯವಸ್ಥೆಯ ಮನುಷ್ಯ. ನನ್ನನ್ನು ಕೇಳಿದರೆ, ಮೇಜಿನಲ್ಲಿ ಸಂಬಳ ಹೆಚ್ಚಿರುವ ಸಾಹೇಬರು ಆ ಎರಡು ಬಿಯರಿನ ದುಡ್ಡು ತಾವೇ ಹಾಕಿ ಸುಮ್ಮನಾಗಬೇಕು. ನಿಮ್ಮ ಸಾಹೇಬರು ಈ ಅಂಕಣ ಓದಲಿ ಎಂದೇ ಊರಿನ ಹೆಸರು ಹಾಕಿದ್ದೇನೆ.

ಮನೆಯಲ್ಲಿ ಓವನ್ ಇಲ್ಲ. ಸಹೋದ್ಯೋಗಿಗಳನ್ನು ಕರೆದು ಪಿಜ್ಜಾ ಮಾಡಿ ಬಡಿಸುವ ಆಸೆ. ಆಗುವುದೇ?
— ಯಲ್ಲಾಪುರ

ಆಗುತ್ತದೆ. ನೇಪಲ್ಸ್‌ನ ಕಟ್ಟಿಗೆ ಒಲೆಯ ಬಿಸಿ 450 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಪಿಜ್ಜಾ ಒಂದೂವರೆ ನಿಮಿಷದೊಳಗೆ ಮುಗಿಯುತ್ತದೆ. ಆ ಕೈಕೆಲಸವನ್ನು ಯುನೆಸ್ಕೊ 2017ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿದೆ. ಅಷ್ಟು ಬಿಸಿ ನಮ್ಮ ಗ್ಯಾಸಿನಲ್ಲಿ ಬರದು, ಆದರೆ ದಪ್ಪ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಕಾಯಿಸಿದರೆ ತಳ ಗರಿಯಾಗುತ್ತದೆ. ಮೈದಾ ಅರ್ಧ ಕಿಲೊ, ನೀರು 300 ಮಿಲಿ, ಉಪ್ಪು, ಚಿಟಿಕೆ ಈಸ್ಟ್, ರಾತ್ರಿ ಕಲಸಿ ಫ್ರಿಜ್ಜಿನಲ್ಲಿಡಿ. ತೆಳ್ಳಗೆ ತಟ್ಟಿ ಒಂದು ಮಗ್ಗುಲು ಬೇಯಿಸಿ, ಮಗುಚಿ, ಬೆಂದ ಮಗ್ಗುಲಿಗೆ ಸಾಸು, ಚೀಸ್ ಹಾಕಿ ಮುಚ್ಚಳ ಮುಚ್ಚಿ. ಸಾಮಗ್ರಿ ಕಡಿಮೆ ಹಾಕಿ. ಕ್ಯಾಪ್ಸಿಕಂ, ಜೋಳ, ಪನೀರ್ ಎಲ್ಲ ಹೇರಿದರೆ ನೀರು ಬಿಟ್ಟು ತಳ ಮುದ್ದೆಯಾಗುತ್ತದೆ.

ಅನ್ನ ಉಣ್ಣದಿದ್ದರೆ ನನಗೆ ಊಟ ಆದ ಹಾಗಾಗುವುದಿಲ್ಲ. ಆಫೀಸಿನವರು ಬಿಡುವುದಿಲ್ಲ, ಇಟಾಲಿಯನ್ನೇ ಬೇಕಂತೆ. ಅಲ್ಲಿ ಅನ್ನ ಸಿಗುತ್ತದೆಯೇ?
— ಜೊಯಿಡಾ

ಸಿಗುತ್ತದೆ. ರಿಸೊತ್ತೊ ಕೇಳಿ. ಇಟಲಿಯ ಉತ್ತರದಲ್ಲಿ ಪೋ ನದಿಯ ಬಯಲಿನಲ್ಲಿ ಭತ್ತದ ಗದ್ದೆಗಳು ಬೇಕಾದಷ್ಟಿವೆ, ಅರ್ಬೋರಿಯೊ, ಕಾರ್ನಾರೊಲಿ ಎಂಬ ದಪ್ಪ ಅಕ್ಕಿ ಬೆಳೆಯುತ್ತಾರೆ. ಬೆಣ್ಣೆಯಲ್ಲಿ ಹುರಿದು, ಬಿಸಿ ಸಾರು ಸೌಟು ಸೌಟಾಗಿ ಹಾಕುತ್ತ, ಕೈಯಾಡಿಸುತ್ತ ಬೇಯಿಸುತ್ತಾರೆ. ಕೊನೆಗೆ ಗಂಜಿಗಿಂತ ಗಟ್ಟಿ, ಅನ್ನಕ್ಕಿಂತ ತೆಳು. ಸಾರು ಕೋಳಿಯದ್ದೋ ತರಕಾರಿಯದ್ದೋ, ವೈನು ಹಾಕಿದ್ದಾರೋ ಎಂದು ಕೇಳಿಕೊಳ್ಳಿ. ಉಪ್ಪಿನಕಾಯಿ ಕೇಳಬೇಡಿ, ಕಿಸೆಯಲ್ಲಿ ಒಯ್ದರೆ ನಾನು ನೋಡಿಲ್ಲ. ಬೇಯಲು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ಎಲ್ಲರಿಗಿಂತ ಮೊದಲು ಆರ್ಡರ್ ಕೊಡಿ. ಐದು ನಿಮಿಷದಲ್ಲಿ ತಂದಿಟ್ಟರೆ ಅದು ಬೆಳಿಗ್ಗೆಯೇ ಬೇಯಿಸಿಟ್ಟದ್ದು, ವಾಪಸ್ ಕಳಿಸಿ.